ಹಾಸಿಗೆ ಎಣಿಸುವ ವಿಮೆ, ದಿನ ಎಣಿಸುವ ಮಾತ್ರೆ

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೇ ಕಲಮಿನ ನಾಲ್ಕನೆಯ ಉಪಕಲಂ ಒಂದು ಚಿಕ್ಕ ವಾಕ್ಯ. ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವೈದ್ಯಕೀಯ ವಿಮೆ ದೊರೆಯುತ್ತದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಪ್ರತಿಯೊಂದು ವಿಮಾ ಸಂಸ್ಥೆ ವಿಮೆ ಒದಗಿಸಬೇಕು ಎಂಬುದು ಅದರ ತಿರುಳು. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಅದೇ ವರ್ಷದ ಆಗಸ್ಟ್ 16ರಂದು ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ಎಲ್ಲ ಸಂಸ್ಥೆಗಳಿಗೂ ಇದನ್ನು ಪಾಲಿಸುವಂತೆ ಸುತ್ತೋಲೆ ಕಳುಹಿಸಿತು. 2021ರ ಏಪ್ರಿಲ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ, ಮನೋರೋಗದ ಚಿಕಿತ್ಸೆಗಾಗಿ ಆಸ್ಪತ್ರೆಗೆ ದಾಖಲಾಗಿದ್ದವರೊಬ್ಬರ ಪರವಾಗಿ ತೀರ್ಪು ನೀಡುತ್ತ ಈ ವಾಕ್ಯವನ್ನು ಎತ್ತಿ ಹಿಡಿಯಿತು. 2022ರ ಅಕ್ಟೋಬರಿನಲ್ಲಿ ಪ್ರಾಧಿಕಾರ ಮತ್ತೊಮ್ಮೆ ನೆನಪಿಸಿತು. ಪತ್ರಿಕೆಗಳು ಹೊಗಳಿದವು, ಮನೋವೈದ್ಯರು ಸಂತೋಷಪಟ್ಟರು.

ಇದೇ ವಾಕ್ಯವನ್ನು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಅಥವಾ ಯಳಂದೂರು ತಾಲ್ಲೂಕಿನ ಶಾಲೆಯೊಂದರ ಬೆಂಚಿನಿಂದ ಓದಿ ನೋಡೋಣ. ಬೆಂಚಿನ ಮೇಲೆ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇದೆಯೆಂದು ವೈದ್ಯರು ಗುರುತಿಸಿರುವ ಒಂದು ಮಗು ಕುಳಿತಿದೆ ಎಂದಿಟ್ಟುಕೊಳ್ಳಿ. ವೈದ್ಯರು ಪ್ರತಿದಿನ ನುಂಗಬೇಕಾದ ಮಾತ್ರೆ ಬರೆದುಕೊಟ್ಟಿದ್ದಾರೆ. ತಂದೆ ತಾಯಿ ಕಂತು ಕಟ್ಟಿ ಆರೋಗ್ಯ ವಿಮೆಯ ಪಾಲಿಸಿಯನ್ನೂ ಇಟ್ಟುಕೊಂಡಿದ್ದಾರೆ. ಈಗ ಮಾತ್ರೆಯ ಹಣ ಯಾರು ಕೊಡುತ್ತಾರೆ? ಹೊಗಳಿಕೆಗೆ ಪಾತ್ರವಾದ ಆ ವಾಕ್ಯ ಈ ಮಗುವಿಗೆ ಒಂದು ಮಾತ್ರೆಯನ್ನೂ ಕೊಡಿಸುವುದಿಲ್ಲ ಎಂಬುದು ನನ್ನ ವಾದ. ಅದಕ್ಕೆ ಕಾರಣ ವಿಮಾ ಸಂಸ್ಥೆಯ ದುರುದ್ದೇಶವೇ ಆಗಬೇಕಿಲ್ಲ. ಚಿಕಿತ್ಸೆಯ ಸ್ವರೂಪ ಒಂದು ಬಗೆಯದು, ವಿಮೆಯ ಸ್ವರೂಪ ಇನ್ನೊಂದು ಬಗೆಯದು.

ಮಾತ್ರೆಯ ಸ್ವಭಾವ

ಎಡಿಎಚ್‌ಡಿಗೆ ಹೆಚ್ಚಾಗಿ ಬಳಕೆಯಲ್ಲಿರುವ ಔಷಧಿ ಮೆಥೈಲ್‌ಫೆನಿಡೇಟ್. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜ್ಜೋನ್ 1944ರಲ್ಲಿ ಇದನ್ನು ಸಂಶ್ಲೇಷಿಸಿದ. ಅವನ ಹೆಂಡತಿ ಮಾರ್ಗರೀಟಳನ್ನು ಮನೆಯಲ್ಲಿ ರೀಟಾ ಎಂದು ಕರೆಯುತ್ತಿದ್ದರು. ರಿಟಾಲಿನ್ ಎಂಬ ಮಾರಾಟದ ಹೆಸರು ಬಂದದ್ದು ಅವಳಿಂದ. ಎರಡು ನರಕೋಶಗಳು ಸಂಧಿಸುವ ಕಡೆ ಬಿಡುಗಡೆಯಾದ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಮತ್ತೆ ಒಳಗೆಳೆದುಕೊಳ್ಳುವ ಸಾಗಕ ಪ್ರೋಟೀನುಗಳನ್ನು ಈ ಔಷಧಿ ತಡೆಯುತ್ತದೆ. ಹೀಗಾಗಿ ಆ ರಾಸಾಯನಿಕಗಳು ಸಂಧಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತವೆ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ಮೂರು ನಾಲ್ಕು ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯದು ಎಂಟರಿಂದ ಹನ್ನೆರಡು ಗಂಟೆ. ಬೆಳಿಗ್ಗೆ ನುಂಗಿದ್ದು ಸಂಜೆಗೆ ಮುಗಿಯುತ್ತದೆ. ನಾಳೆ ಮತ್ತೆ ಬೇಕು.

ಎರಡನೆಯ ಔಷಧಿ ಅಟೊಮಾಕ್ಸೆಟಿನ್. ಅಮೆರಿಕದಲ್ಲಿ 2002ರಲ್ಲಿ ಅನುಮತಿ ಪಡೆದ ಇದು ಉತ್ತೇಜಕವಲ್ಲ. ಮುಖ್ಯವಾಗಿ ನಾರ್‌ಅಡ್ರಿನಲಿನ್‌ನ ಮರುಹೀರಿಕೆಯನ್ನು ತಡೆಯುತ್ತದೆ. ಪರಿಣಾಮ ಕಾಣಲು ವಾರಗಳು ಹಿಡಿಯುತ್ತವೆ. ಯಾವುದನ್ನೇ ಕೊಟ್ಟರೂ ಹಸಿವು, ತೂಕ, ಎತ್ತರ, ರಕ್ತದೊತ್ತಡ, ನಾಡಿಗಳನ್ನು ಆಗಾಗ ಅಳೆಯಬೇಕು.

ಈ ಔಷಧಿಗಳಿಂದ ನಿಜವಾಗಿ ಪ್ರಯೋಜನವಿದೆಯೇ? ವಿಮೆಯ ಪ್ರಶ್ನೆಗೆ ಮೊದಲು ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದದ್ದು ಇದನ್ನೇ. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದ ಎಂಟಿಎ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕ್ರಮವಾಗಿ ಔಷಧಿ ಪಡೆದ ಮಕ್ಕಳಲ್ಲಿ ಮುಖ್ಯ ಲಕ್ಷಣಗಳು ವರ್ತನಾ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಹೆಚ್ಚು ತಗ್ಗಿದ್ದವು. ಅದೇ ಮಕ್ಕಳನ್ನು ವರ್ಷಗಳ ನಂತರ ಪರೀಕ್ಷಿಸಿದಾಗ ಗುಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಗಿತ್ತು. 2018ರಲ್ಲಿ 133 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು, ಮಕ್ಕಳಲ್ಲಿ ಅಲ್ಪಾವಧಿ ಚಿಕಿತ್ಸೆಗೆ ಮೆಥೈಲ್‌ಫೆನಿಡೇಟ್ ಮೊದಲ ಆಯ್ಕೆ ಎಂದಿತು. 2015ರ ಕಾಕ್ರೇನ್ ಪರಿಶೀಲನೆಯಾದರೋ ಸಾಕ್ಷ್ಯದ ಗುಣಮಟ್ಟವೇ ತೀರ ಕೆಳಮಟ್ಟದ್ದು ಎಂದು ಆಕ್ಷೇಪಿಸಿತು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವುದಿಷ್ಟು. ಸರಿಯಾಗಿ ಗುರುತಿಸಿದ ಮಗುವಿಗೆ, ಅಳತೆಯ ಪ್ರಮಾಣದಲ್ಲಿ, ಮೇಲ್ವಿಚಾರಣೆಯೊಂದಿಗೆ ಕೊಟ್ಟರೆ ಈ ವರ್ಷದ ಶಾಲೆಯಲ್ಲಿ ಫಲ ಸಿಗುತ್ತದೆ. ಹತ್ತು ವರ್ಷದಾಚೆಯ ಫಲದ ಬಗ್ಗೆ ಭರವಸೆ ಕೊಡುವಂತಿಲ್ಲ. ಹತ್ತು ವರ್ಷದ ಮಗುವಿಗೆ ಈ ವರ್ಷದ ಶಾಲೆ ಎಂದರೆ ಸಣ್ಣ ವಿಷಯವಲ್ಲ.

ಸೊನ್ನೆಗೆ ಸಮ

ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಆರೋಗ್ಯ ವಿಮೆಯ ಪಾಲಿಸಿಯನ್ನು ತೆರೆದು ‘ಆಸ್ಪತ್ರೆ ದಾಖಲಾತಿ’ ಎಂಬ ಪದದ ವ್ಯಾಖ್ಯೆಯನ್ನು ಓದಿ. ಕೆಲವು ನಿಗದಿತ ಚಿಕಿತ್ಸೆಗಳನ್ನು ಬಿಟ್ಟರೆ, ಒಳರೋಗಿಯಾಗಿ ಎಡೆಬಿಡದೆ ಕನಿಷ್ಠ 24 ಗಂಟೆ ಇರಬೇಕು. ಔಷಧಿಯ ಹಣ ಸಿಗುವುದು ಆ ದಾಖಲಾತಿಗೆ ತಗುಲಿಕೊಂಡೇ. ದಾಖಲಾಗುವ ಮೊದಲಿನ ಇಷ್ಟು ದಿನ, ಬಿಡುಗಡೆಯಾದ ನಂತರದ ಇಷ್ಟು ದಿನ ಎಂಬ ಗಡಿಯೊಳಗೆ ಕೊಂಡ ಔಷಧಿಗೆ ಮಾತ್ರ ಬಿಲ್ಲು ಸಲ್ಲುತ್ತದೆ. ಎಡಿಎಚ್‌ಡಿಗೆ ಮಕ್ಕಳನ್ನು ದಾಖಲಿಸುವ ಪ್ರಸಂಗವೇ ಅಪರೂಪ. ಇಡೀ ಚಿಕಿತ್ಸೆ ನಡೆಯುವುದು ಹೊರರೋಗಿ ವಿಭಾಗದಲ್ಲಿ, ಮನೆಯಲ್ಲಿ, ತರಗತಿಯಲ್ಲಿ.

ಮಧುಮೇಹಿಯ ದಿನದ ಮಾತ್ರೆಗೆ ಈ ಪಾಲಿಸಿ ಹಣ ಕೊಡುತ್ತದೆಯೇ? ಇಲ್ಲ. ರಕ್ತದೊತ್ತಡದ ಮಾತ್ರೆಗೆ? ಅದೂ ಇಲ್ಲ. ಹಾಗಾದರೆ ‘ದೈಹಿಕ ಕಾಯಿಲೆಯ ಆಧಾರದ ಮೇಲೆಯೇ’ ಎಂಬ ಷರತ್ತು ಪೂರೈಸಿದಂತಾಯಿತು! ಬೀಜಗಣಿತದ ಭಾಷೆಯಲ್ಲಿ ಹೇಳುವುದಾದರೆ, ಕಾಯ್ದೆ ‘ಕ್ಷ = ಯ’ ಎಂದು ಬರೆಯಿತು; ‘ಯ’ದ ಬೆಲೆ ಸೊನ್ನೆ ಎಂಬುದನ್ನು ನೋಡಲಿಲ್ಲ. ದೆಹಲಿಯ ಪ್ರಕರಣದಲ್ಲಿ ಗೆಲುವು ದೊರೆತದ್ದು ಅಲ್ಲಿ ದಾಖಲಾತಿ ಇದ್ದುದರಿಂದ. ಹಾಸಿಗೆ ಇಲ್ಲದ ಕಡೆ ಆ ತೀರ್ಪಿಗೆ ಹಿಡಿಕೆ ಸಿಗುವುದಿಲ್ಲ.

ಹಾಗಿದ್ದರೆ ಮಗುವನ್ನು ಒಂದು ದಿನ ದಾಖಲಿಸಿಬಿಡಬಾರದೇ ಎಂದು ಯಾರಾದರೂ ಸಲಹೆ ಕೊಟ್ಟಾರು. ಕೊಡುವವರೂ ಇದ್ದಾರೆ. ಮುಖ್ಯವಾಗಿ ತಪಾಸಣೆ ಮತ್ತು ಮೌಲ್ಯಮಾಪನಕ್ಕಾಗಿಯೇ ಆದ ದಾಖಲಾತಿಯನ್ನು ಪಾಲಿಸಿಗಳು ಹೊರಗಿಡುತ್ತವೆ. ಇದು ಎಲ್ಲ ಸಂಸ್ಥೆಗಳಿಗೂ ಸಮಾನವಾಗಿ ಗೊತ್ತುಮಾಡಿದ ಹೊರಗಿಡುವಿಕೆ. ಅದಲ್ಲದೆ ಬೇಕಿಲ್ಲದ ದಾಖಲಾತಿ ಮಗುವಿಗೆ ಹಿಂಸೆ, ಕಾಗದದ ಮೇಲೆ ಸುಳ್ಳು.

2019ರ ಸೆಪ್ಟೆಂಬರಿನಲ್ಲಿ ಪ್ರಾಧಿಕಾರ ಹೊರಡಿಸಿದ ಇನ್ನೊಂದು ಮಾರ್ಗಸೂಚಿಯನ್ನೂ ಇಲ್ಲಿ ನೋಡಬೇಕು. ಯಾವ ಯಾವ ಕಾಯಿಲೆಗಳನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಎಂದು ಅದು ಪಟ್ಟಿ ಮಾಡಿತು. ಮಾನಸಿಕ ಕಾಯಿಲೆ, ಒತ್ತಡ, ಮನೋವೈಜ್ಞಾನಿಕ ತೊಂದರೆಗಳು ಅದರಲ್ಲಿ ಸೇರಿದವು. ‘ವರ್ತನೆ ಮತ್ತು ನರಬೆಳವಣಿಗೆಯ ತೊಂದರೆಗಳು’ ಎಂಬ ತಲೆಬರಹದ ಕೆಳಗೆ ವಯಸ್ಕರ ವ್ಯಕ್ತಿತ್ವದ ತೊಂದರೆ, ಉಗ್ಗು, ಡಿಸ್ಲೆಕ್ಸಿಯಾ ಮುಂತಾದುವನ್ನು ಹೆಸರಿಸಲಾಯಿತು. ನರಬೆಳವಣಿಗೆಯ ತೊಂದರೆಗಳಲ್ಲಿ ಬಹಳ ಸಾಮಾನ್ಯವಾದ ಎಡಿಎಚ್‌ಡಿಯ ಹೆಸರು ಆ ತಲೆಬರಹದ ಕೆಳಗೆ ಇರಲಿಲ್ಲ. ಮಾನಸಿಕ ಕಾಯಿಲೆ ಎಂಬ ವಿಶಾಲ ಪದದೊಳಗೆ ಅದು ಬರುತ್ತದೆ ಎಂದು ವಾದಿಸಬಹುದು, ವಾದಿಸಬೇಕು. ಆದರೆ ಹೆಸರಿಲ್ಲದ ಕಡೆ ವಾದಿಸುವ ಹೊರೆ ಪೋಷಕರ ತಲೆಗೇ ಬರುತ್ತದೆ.

ಪೂರ್ವಸ್ಥಿತ ಕಾಯಿಲೆಯ ನಿಯಮ ಇನ್ನೊಂದು ತೊಡಕು. ಪಾಲಿಸಿ ಕೊಳ್ಳುವ ಮೊದಲಿನ ನಿಗದಿತ ಅವಧಿಯಲ್ಲಿ ಪತ್ತೆಯಾದ ಅಥವಾ ಚಿಕಿತ್ಸೆ ಪಡೆದ ಕಾಯಿಲೆಗೆ ಕೆಲವು ವರ್ಷ ಕಾಯಬೇಕು. 2024ರ ಏಪ್ರಿಲ್‌ನಿಂದ ಈ ಕಾಯುವಿಕೆಯ ಗರಿಷ್ಠ ಮಿತಿಯನ್ನು 48ರಿಂದ 36 ತಿಂಗಳಿಗೆ ಇಳಿಸಲಾಯಿತು. ಎಡಿಎಚ್‌ಡಿಯ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು ಎಂಬುದು 2013ರ ಡಿಎಸ್‌ಎಂ-5 ಕೈಪಿಡಿಯ ವ್ಯಾಖ್ಯೆ. ಮಗುವಿಗೆ ಎಂಟು ವರ್ಷದಲ್ಲಿ ಪತ್ತೆಯಾಗಿ, ಒಂಬತ್ತರಲ್ಲಿ ಪಾಲಿಸಿ ಕೊಂಡರೆ, ಹೈಸ್ಕೂಲಿನ ಹೊಸ್ತಿಲಿಗೆ ಬರುವವರೆಗೂ ಕಾಯುವ ಅವಧಿ ಮುಗಿಯದಿರಬಹುದು. ಕಾದ ಮೇಲೂ ಸಿಗುವುದು ಹಾಸಿಗೆಯ ಖರ್ಚು.

ವಿಮಾ ಸಂಸ್ಥೆಗಳ ಪರವಾಗಿಯೂ ಒಂದು ಮಾತು ಹೇಳಬೇಕು. ವಿಮೆಯ ಗಣಿತ ನಿಂತಿರುವುದು ಸಂಭವನೀಯತೆಯ ಮೇಲೆ. ಸಾವಿರ ಜನರಲ್ಲಿ ಕೆಲವರಿಗೆ ಮಾತ್ರ, ಯಾರಿಗೆಂದು ಮೊದಲೇ ತಿಳಿಯದಂತೆ, ದೊಡ್ಡ ಖರ್ಚು ಬರುತ್ತದೆ ಎಂದಾದರೆ ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟು ಅದನ್ನು ಹಂಚಿಕೊಳ್ಳಬಹುದು. ದಿನದ ಮಾತ್ರೆಯ ಖರ್ಚು ಹಾಗಲ್ಲ. ತಿಂಗಳ ಖರ್ಚು ‘ಮ’ ರೂಪಾಯಿ ಎಂದು ಮೊದಲೇ ಗೊತ್ತಿದೆ. ಅದು ಬೇಕಿರುವವರು ಮಾತ್ರ ಹೊರರೋಗಿ ಸೌಲಭ್ಯದ ಪಾಲಿಸಿಯನ್ನು ಕೊಳ್ಳುತ್ತಾರೆ. ಆಗ ವರ್ಷದ ಕಂತು 12ಮಕ್ಕೆ ಸಂಸ್ಥೆಯ ಆಡಳಿತ ವೆಚ್ಚವನ್ನು ಕೂಡಿಸಿದಷ್ಟಾಗುತ್ತದೆ. ಅಂಗಡಿಯಲ್ಲೇ ಕೊಂಡಿದ್ದರೆ ಅಗ್ಗವಾಗುತ್ತಿತ್ತು. ಹೆಚ್ಚುವರಿ ಕಂತಿಗೆ ಹೊರರೋಗಿ ಸೌಲಭ್ಯ ಕೊಡುವ ಪಾಲಿಸಿಗಳು ಇದ್ದರೂ ಅವುಗಳಿಗೆ ಬಿಗಿಯಾದ ಮಿತಿಯಿರುವುದು ಈ ಕಾರಣದಿಂದ.

ಈ ಗಣಿತದಿಂದ ತಪ್ಪಿಸಿಕೊಳ್ಳುವ ದಾರಿ ಒಂದೇ: ಬೇಕಾದವರು, ಬೇಡದವರು ಎಲ್ಲರೂ ಕಡ್ಡಾಯವಾಗಿ ಸೇರುವುದು. 1948ರ ಕಾಯ್ದೆಯ ಮೇಲೆ ನಿಂತಿರುವ ನೌಕರರ ರಾಜ್ಯ ವಿಮೆ (ಇಎಸ್‌ಐ) ಹಾಗೆ ಕಟ್ಟಿದ್ದು. ನಿಗದಿತ ವೇತನ ಮಿತಿಯೊಳಗಿನ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಅದು ಹೊರರೋಗಿ ಔಷಧಿಯನ್ನೂ ಕೊಡುತ್ತದೆ. ಆದರೆ ಮನೆಯಲ್ಲೇ ಮಗ್ಗ ಹಾಕಿಕೊಂಡವರು, ಹಿಪ್ಪುನೇರಳೆ ಬೆಳೆಯುವವರು, ಹನೂರಿನ ಕಡೆಯ ಮಳೆಯಾಶ್ರಿತ ರೈತರು, ಕೂಲಿಗಾಗಿ ಊರು ಬಿಡುವವರು ಇಎಸ್‌ಐ ಲೆಕ್ಕಕ್ಕೆ ಬರುವವರಲ್ಲ. ಅವರಿಗಿರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂಬ ಅಂಕಿ ದೊಡ್ಡದು. ಅದೂ ಆಸ್ಪತ್ರೆಯ ಚಿಕಿತ್ಸಾ ಪ್ಯಾಕೇಜುಗಳ ಲೆಕ್ಕ. ತಿಂಗಳ ಮಾತ್ರೆಗೆ ಪ್ಯಾಕೇಜಿಲ್ಲ. 2003ರಲ್ಲಿ ಸಹಕಾರಿಗಳಿಗಾಗಿ ಆರಂಭವಾಗಿ, ನಡುವೆ ನಿಂತು, 2022–23ರಲ್ಲಿ ಮರುಜೀವ ಪಡೆದ ಯಶಸ್ವಿನಿಯದೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಲೆಕ್ಕವೇ.

ಇದೇ ಸೀಮೆಯ ನೆರೆಯಲ್ಲಿ ನಡೆದ ಪ್ರಯೋಗವೊಂದು ಈ ಕಾರಣಕ್ಕೆ ನೆನಪಾಗುತ್ತದೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಿಂದ ನಡೆಸಿದ ಕರುಣಾ ಟ್ರಸ್ಟ್, 2002ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಬಡವರಿಗಾಗಿ ಸಮುದಾಯ ಆರೋಗ್ಯ ವಿಮೆ ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾದ ಪ್ರತಿದಿನಕ್ಕೆ ಔಷಧಿಗೆಂದು 50 ರೂಪಾಯಿ, ತಪ್ಪಿದ ಕೂಲಿಗೆಂದು 50 ರೂಪಾಯಿ. ಕಾಯಿಲೆಯ ಖರ್ಚಿನಲ್ಲಿ ಕೂಲಿಯೂ ಸೇರಿದೆ ಎಂದು ಗುರುತಿಸಿದ ಈ ಯೋಜನೆ ದೊಡ್ಡ ದೊಡ್ಡ ಪಾಲಿಸಿಗಳಿಗಿಂತ ವಿವೇಕದ್ದು. ಆದರೆ ಅದು ಕೂಡ ದಿನ ಎಣಿಸಿದ್ದು ಹಾಸಿಗೆಯ ಮೇಲೆ ಮಲಗಿದವರದ್ದೇ.

ಕೇಂದ್ರದ ನಿರಾಮಯ ವಿಮೆ ಇದಕ್ಕೆ ಒಂದು ಅಪವಾದ. ರಾಷ್ಟ್ರೀಯ ನ್ಯಾಸದ 1999ರ ಕಾಯ್ದೆಯಡಿ ಬರುವ ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಅಸಾಮರ್ಥ್ಯ, ಬಹುಅಂಗವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿಯವರೆಗೆ ಸಿಗುವ ಈ ವಿಮೆಯಲ್ಲಿ ಹೊರರೋಗಿ ಔಷಧಿಗೂ ಒಂದು ಪಾಲಿದೆ. ಎಡಿಎಚ್‌ಡಿ ಈ ನಾಲ್ಕರಲ್ಲಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲೂ ಅದರ ಹೆಸರಿಲ್ಲ. ಕಲಿಕೆಯ ನಿರ್ದಿಷ್ಟ ತೊಂದರೆ ಇದೆ. ಆದ್ದರಿಂದ ಆಟಿಸಂ ಜೊತೆಗೆ ಎಡಿಎಚ್‌ಡಿಯೂ ಇರುವ ಮಗುವಿಗೆ ತೆರೆದಿರುವ ಬಾಗಿಲು, ಎಡಿಎಚ್‌ಡಿ ಮಾತ್ರ ಇರುವ ಮಗುವಿಗೆ ಮುಚ್ಚಿದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರನ್ನು ಕೇಳಿದರೆ ಬೇರೆ ಬಗೆಯ ಜಗಳ ಹೇಳುತ್ತಾರೆ. ಅಲ್ಲಿಯ ವಿಮೆ ದಿನದ ಮಾತ್ರೆಗೆ ಹಣ ಕೊಡುತ್ತದೆ, ಆದರೆ ಮೊದಲೇ ಅನುಮತಿ ಪಡೆಯಿರಿ, ಅಗ್ಗದ ಮಾತ್ರೆ ಫಲಿಸಲಿಲ್ಲವೆಂದು ತೋರಿಸಿದ ಮೇಲೆ ದುಬಾರಿಯದಕ್ಕೆ ಬನ್ನಿ ಎನ್ನುತ್ತದೆ. ಅವರದು ಯಾವ ಮಾತ್ರೆ ಎಂಬ ಜಗಳ. ನಮ್ಮಲ್ಲಿ ಜಗಳವಾಡಲು ಬೇಕಾದ ಅರ್ಜಿ ನಮೂನೆಯೂ ಇಲ್ಲ.

ಬೀಗದೊಳಗಿನ ಔಷಧಿ

ಹಣ ಹೊಂದಿಸಿಕೊಂಡರೆ ಸಾಕೇ? ಮೆಥೈಲ್‌ಫೆನಿಡೇಟ್ ದುರುಪಯೋಗಕ್ಕೆ ಒಳಗಾಗಬಲ್ಲ ವಸ್ತು. ಮನೋಪ್ರಭಾವಿ ಪದಾರ್ಥಗಳ ಕುರಿತ 1971ರ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಸೂಚಿಯಲ್ಲಿ ಅದು ಸೇರಿದೆ. ನಮ್ಮ 1985ರ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ಔಷಧ ನಿಯಮಗಳಲ್ಲಿ ಅದರ ಸ್ಥಾನ ಎಕ್ಸ್ ಅನುಸೂಚಿ. ಇದನ್ನು ಮಾರಲು ಅಂಗಡಿಯವರು 20-ಎಫ್ ನಮೂನೆಯ ಪ್ರತ್ಯೇಕ ಪರವಾನಗಿ ಪಡೆಯಬೇಕು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ದಾಸ್ತಾನು ಬೀಗದೊಳಗಿರಬೇಕು. ತಿಂಗಳಿಗೆ ಒಬ್ಬಿಬ್ಬರು ಕೇಳುವ ಔಷಧಿಗಾಗಿ ಸಣ್ಣ ಊರಿನ ಮೆಡಿಕಲ್ ಸ್ಟೋರಿನವರು ಇಷ್ಟೆಲ್ಲ ಏಕೆ ಮಾಡಿಯಾರು? ಕಾನೂನು ಯಾರನ್ನೂ ತಡೆದಿಲ್ಲ. ವ್ಯಾಪಾರದ ಲೆಕ್ಕ ತಡೆಯುತ್ತದೆ.

ಇದರ ಮೇಲೆ ದೂರ. ಕೊಳ್ಳೇಗಾಲ ತಾಲ್ಲೂಕಿನಿಂದ ಬೇರ್ಪಟ್ಟು ಹನೂರು ತಾಲ್ಲೂಕಾದದ್ದರಿಂದ ಕಚೇರಿಗಳು ಹತ್ತಿರ ಬಂದವು, ತಜ್ಞರು ಬಂದರೆಂದಲ್ಲ. ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ 70 ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಘಟ್ಟದ ತಿರುವುಗಳೂ ಸೇರಿವೆ. ಮೈಸೂರು ಅಲ್ಲಿಂದ ಮತ್ತೂ ದೂರ. ಪ್ರತಿ ತಿಂಗಳು ಚೀಟಿಗಾಗಿ ಹೋಗಿ ಬರುವ ಒಂದು ದಿನ ಎಂದರೆ ತಾಯಿಗೋ ತಂದೆಗೋ ಒಂದು ದಿನದ ಕೂಲಿ, ಮಗುವಿಗೆ ಒಂದು ದಿನದ ಶಾಲೆ.

ದೂರವನ್ನು ನೀಗಿಸಲೆಂದು ಬಂದದ್ದು ದೂರವಾಣಿ ವೈದ್ಯಕೀಯ. 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಎಕ್ಸ್ ಅನುಸೂಚಿಯ ಔಷಧಿಗಳನ್ನು ಫೋನಿನಲ್ಲಾಗಲಿ ವಿಡಿಯೋದಲ್ಲಾಗಲಿ ಬರೆಯಕೂಡದು ಎಂದು ನಿಷೇಧಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ಗೆ (14416) ಬೆಟ್ಟದ ಮೇಲಿನಿಂದಲೂ ಕರೆ ಮಾಡಬಹುದು, ಸಲಹೆ ಪಡೆಯಬಹುದು. ಮೆಥೈಲ್‌ಫೆನಿಡೇಟ್‌ಗೆ ಮಾತ್ರ ಬೆಟ್ಟ ಇಳಿಯಲೇಬೇಕು. ಅಟೊಮಾಕ್ಸೆಟಿನ್ ಎಕ್ಸ್ ಅನುಸೂಚಿಯಲ್ಲಿಲ್ಲ. ಅದಕ್ಕೆ ಈ ನಿಷೇಧ ತಟ್ಟುವುದಿಲ್ಲ. ಹೀಗಾಗಿ ಗುಡ್ಡಗಾಡಿನ ಮಗುವಿಗೆ ಯಾವ ಔಷಧಿ ಎಂಬುದನ್ನು ಮಗುವಿನ ದೇಹಸ್ಥಿತಿಗಿಂತ ಮೊದಲು ಅನುಸೂಚಿಯೇ ತೀರ್ಮಾನಿಸುವ ಅಪಾಯವಿದೆ. ಬಿಗಿ ಬೇಡವೆಂದು ನಾನು ಹೇಳುತ್ತಿಲ್ಲ. ನೇರವಾಗಿ ಕಂಡು ರೋಗನಿರ್ಣಯ ಮಾಡಿದ ಮಗುವಿಗೆ ಅದೇ ವೈದ್ಯರು ಅದೇ ಪ್ರಮಾಣವನ್ನು ಮುಂದುವರಿಸುವುದಕ್ಕೂ, ಕಂಡೇ ಇರದವರಿಗೆ ಹೊಸದಾಗಿ ಬರೆಯುವುದಕ್ಕೂ ಒಂದೇ ನಿಷೇಧ ಏಕೆ ಎಂಬುದು ಪ್ರಶ್ನೆ.

ಯಳಂದೂರಿನ ಪಾಠ

ನಿಯಂತ್ರಿತ ಔಷಧಿಯೊಂದನ್ನು ದಿನವೂ, ವರ್ಷಗಟ್ಟಲೆ, ಹಳ್ಳಿಯ ಬಡವರಿಗೆ ತಲುಪಿಸಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 2001ರಲ್ಲಿ ಪ್ರಕಟವಾದ ಪ್ರಬಂಧವೊಂದರ ಶೀರ್ಷಿಕೆಯಲ್ಲೇ ಯಳಂದೂರಿನ ಹೆಸರಿದೆ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಇಲ್ಲಿ ಮನೆಮನೆ ಸಮೀಕ್ಷೆ ನಡೆಸಿ ಅಪಸ್ಮಾರ ಇರುವವರನ್ನು ಗುರುತಿಸಿದರು. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆ ಈ ಭಾಗದಲ್ಲಿ ವಿಶೇಷವಾಗಿ ಕಂಡುಬಂದದ್ದೂ ಈ ಕೆಲಸದಿಂದ ದಾಖಲಾಯಿತು. ಗುರುತಿಸಿದವರಿಗೆ ಫೀನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನು ಕೊಟ್ಟು ವರ್ಷಗಳ ಕಾಲ ಬೆನ್ನುಹತ್ತಿ ನೋಡಿಕೊಂಡರು. ಅಗ್ಗದ ಔಷಧಿಯಿಂದಲೇ ಹಳ್ಳಿಯಲ್ಲಿ ಅಪಸ್ಮಾರವನ್ನು ಹತೋಟಿಗೆ ತರಬಹುದು ಎಂಬುದು ಅವರ ತೀರ್ಮಾನ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಫೀನೋಬಾರ್ಬಿಟಾಲ್ ಕೂಡ 1971ರ ಒಪ್ಪಂದದಲ್ಲಿ ಹೆಸರಿರುವ ವಸ್ತು, ನಾಲ್ಕನೆಯ ಅನುಸೂಚಿಯದು. ಅದರ ಬಿಗಿ ಮೆಥೈಲ್‌ಫೆನಿಡೇಟ್‌ನದಕ್ಕಿಂತ ಸಡಿಲ ಎಂಬುದು ನಿಜ. ಸೆಳವನ್ನು ಗುರುತಿಸುವಷ್ಟು ಸುಲಭವಾಗಿ ಎಡಿಎಚ್‌ಡಿಯನ್ನು ಗುರುತಿಸಲಾಗದು ಎಂಬುದೂ ನಿಜ. ಆದ್ದರಿಂದ ಯಳಂದೂರಿನ ಮಾದರಿಯನ್ನು ಹಾಗೆಯೇ ನಕಲು ಮಾಡಲಾಗದು. ಆದರೆ ಮಾತ್ರೆ ತಲುಪಿದ್ದು ವಿಮೆಯ ಕ್ಲೇಮಿನಿಂದಲ್ಲ. ಹುಡುಕಿ ಪಟ್ಟಿ ಮಾಡಿದ ಹೆಸರುಗಳು, ಊರ ಹತ್ತಿರದ ಚಿಕಿತ್ಸೆ, ಸರಬರಾಜಾಗುವ ಔಷಧಿ, ತಪ್ಪಿಸಿಕೊಂಡವರನ್ನು ಮತ್ತೆ ಕರೆತರುವ ಕಾರ್ಯಕರ್ತರು, ಇಷ್ಟು ಸೇರಿದಾಗ ಮಾತ್ರೆ ಮನೆಗೆ ಬಂತು.

ಶಿಕ್ಷಕರು ಅಪಸ್ಮಾರವನ್ನು ಇನ್ನೊಂದು ಕಾರಣಕ್ಕೂ ನೆನಪಿಡಬೇಕು. ಪಾಠದ ನಡುವೆ ಕೆಲವು ಸೆಕೆಂಡು ಶೂನ್ಯದತ್ತ ನೋಡಿ ಮತ್ತೆ ಎಚ್ಚರಗೊಳ್ಳುವ ಮಗುವಿಗೆ ಇರುವುದು ಗಮನದ ಕೊರತೆಯಲ್ಲದೆ ಸೆಳವಿನ ಒಂದು ಬಗೆಯೇ ಆಗಿರಬಹುದು. ಫೀನೋಬಾರ್ಬಿಟಾಲ್ ನುಂಗುವ ಮಕ್ಕಳಲ್ಲಿ ಆ ಔಷಧಿಯಿಂದಲೇ ಚಡಪಡಿಕೆ, ಅತಿಚಟುವಟಿಕೆ ಕಾಣುವುದೂ ಉಂಟು. ಕಿವಿ ಕೇಳದಿರುವುದು, ರಕ್ತಹೀನತೆ, ನಿದ್ದೆಗೇಡು ಕೂಡ ಎಡಿಎಚ್‌ಡಿಯ ವೇಷ ಹಾಕಬಲ್ಲವು.

ಓದದೆ ಬಿಟ್ಟ ಕಲಂ

ಇನ್ನು ಮತ್ತೆ ಕಾಯ್ದೆಗೆ ಬರೋಣ. ಎಲ್ಲರೂ 21ನೇ ಕಲಮನ್ನು ಉದ್ಧರಿಸುತ್ತಾರೆ. ಅದಕ್ಕೆ ಮೂರು ಕಲಂ ಹಿಂದೆ, 18ನೆಯದರಲ್ಲಿ, ಹನೂರಿನ ಮಗುವಿಗೆ ನಿಜವಾಗಿ ಬೇಕಾದ ಮಾತುಗಳಿವೆ. ಮಕ್ಕಳೂ ಸೇರಿದಂತೆ ಯಾರೂ ಮಾನಸಿಕ ಆರೋಗ್ಯ ಸೇವೆಗಾಗಿ ದೂರ ಪ್ರಯಾಣ ಮಾಡಬೇಕಾಗದಂತೆ ಸರ್ಕಾರ ನೋಡಿಕೊಳ್ಳಬೇಕು. ಮಕ್ಕಳ ಮಾನಸಿಕ ಆರೋಗ್ಯ ಸೇವೆ ಕನಿಷ್ಠ ಸೇವೆಗಳಲ್ಲಿ ಒಂದು. ಹತ್ತನೆಯ ಉಪಕಲಂ ಇನ್ನೂ ಸ್ಪಷ್ಟ: ಸರ್ಕಾರ ಅಗತ್ಯ ಔಷಧಿಗಳ ಪಟ್ಟಿಯನ್ನು ಪ್ರಕಟಿಸಬೇಕು, ಆ ಪಟ್ಟಿಯಲ್ಲಿರುವ ಎಲ್ಲ ಔಷಧಿಗಳೂ ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದರ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ಇಲ್ಲಿ ಹಾಸಿಗೆಯ ಮಾತಿಲ್ಲ, ಕಂತಿಲ್ಲ, ಕಾಯುವ ಅವಧಿಯಿಲ್ಲ.

ಎಡಿಎಚ್‌ಡಿ ಈ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯೇ? ವ್ಯಾಖ್ಯೆಯಲ್ಲಿ ಆಲೋಚನೆ, ಮನೋಭಾವ, ಗ್ರಹಿಕೆ, ದಿಕ್ಕಿನರಿವು, ನೆನಪು ಎಂಬ ಐದು ಪದಗಳಿವೆ; ಗಮನ ಎಂಬ ಪದವಿಲ್ಲ. ಬರೆದವರ ಕಣ್ಣ ಮುಂದೆ ಇದ್ದವರು ವಯಸ್ಕ ರೋಗಿಗಳೆಂಬುದು ಸ್ಪಷ್ಟ. ಆದರೆ ಬದುಕಿನ ಸಾಮಾನ್ಯ ಬೇಡಿಕೆಗಳನ್ನು ಪೂರೈಸುವ ಶಕ್ತಿಗೆ ಧಕ್ಕೆ ಎಂಬ ಮಾತೂ ಅಲ್ಲಿದೆ. ಮೂರನೆಯ ಕಲಂ ಕಾಯಿಲೆಯನ್ನು ನಿರ್ಧರಿಸಲು ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ವರ್ಗೀಕರಣವನ್ನು ಆಧಾರವಾಗಿ ಹೆಸರಿಸುತ್ತದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ ಎಡಿಎಚ್‌ಡಿಗೆ 6ಎ05 ಎಂಬ ಸಂಕೇತವಿದೆ. ಬಾಗಿಲು ತೆರೆದೇ ಇದೆ ಎಂದಾಯಿತು.

ಹಾಗಾದರೆ ತಡೆ ಎಲ್ಲಿ? ಪಟ್ಟಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಮಾದರಿ ಪಟ್ಟಿಗೆ ಮೆಥೈಲ್‌ಫೆನಿಡೇಟ್ ಸೇರಿಸಬೇಕೆಂಬ ಮನವಿಯನ್ನು 2019ರಲ್ಲೂ 2021ರಲ್ಲೂ ತಜ್ಞರ ಸಮಿತಿ ಒಪ್ಪಲಿಲ್ಲ. ಸಾಕ್ಷ್ಯದ ಗುಣಮಟ್ಟ, ಹನ್ನೆರಡು ವಾರದಾಚೆಯ ಪರಿಣಾಮದ ಅನಿಶ್ಚಿತತೆ ಮುಂತಾದ ಕಾರಣ ಕೊಟ್ಟಿತು. ನಮ್ಮ 2022ರ ರಾಷ್ಟ್ರೀಯ ಪಟ್ಟಿಯ 384 ಔಷಧಿಗಳಲ್ಲೂ ಅದು ಬರಲಿಲ್ಲ. ಸಮಿತಿಯ ಎಚ್ಚರಿಕೆಯನ್ನು ಅಲ್ಲಗಳೆಯಲಾಗದು. ಆದರೆ ಸಾಕ್ಷ್ಯ ದುರ್ಬಲವೆಂದು ಪಟ್ಟಿಯಿಂದ ಬಿಟ್ಟ ಔಷಧಿ ದೇಶದಿಂದ ಹೋಗುವುದಿಲ್ಲ. ದುಡ್ಡಿದ್ದವರಿಗೆ ದೊಡ್ಡ ನಗರದಲ್ಲಿ ಸಿಗುತ್ತಲೇ ಇರುತ್ತದೆ. ಪಟ್ಟಿ ತಡೆಯುವುದು ಸರ್ಕಾರಿ ಆಸ್ಪತ್ರೆಯನ್ನೇ ನಂಬಿದ ಮಗುವನ್ನು ಮಾತ್ರ.

ಇದು ಇನ್ನಷ್ಟು ವಿಚಿತ್ರವಾಗಿ ಕಾಣುವುದು ಸರ್ಕಾರವೇ ಈ ಮಗುವನ್ನು ಹುಡುಕಲು ಹೊರಟಿರುವಾಗ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರ ಪಟ್ಟಿಯ 30 ತೊಂದರೆಗಳಲ್ಲಿ ಎಡಿಎಚ್‌ಡಿ ಒಂದು. 2014ರಲ್ಲಿ ರಾಜ್ಯ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು. ಪತ್ತೆಹಚ್ಚುವ ಕೈಗೂ ಚೀಟಿ ಬರೆಯುವ ಕೈಗೂ ವ್ಯವಸ್ಥೆಯಿದೆ. ಮಾತ್ರೆ ಕೊಡುವ ಕೈಯೊಂದು ಬಾಕಿ. ಬೀಗದ ಬೀರು, ದಾಸ್ತಾನು ಪುಸ್ತಕ ಎಂಬ ತೊಡಕನ್ನು ದೊಡ್ಡದು ಮಾಡಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಅರಿವಳಿಕೆ ಔಷಧಿ ಕೆಟಮಿನ್ ಕೂಡ ಎಕ್ಸ್ ಅನುಸೂಚಿಯದೇ. ಅದನ್ನು ಬಳಸುವ ಆಸ್ಪತ್ರೆಗಳು ಬೀಗ ಹಾಕಿ ಲೆಕ್ಕ ಇಡುವುದನ್ನು ಬಲ್ಲವು.

ಪಾಲಿಸಿ ಇರುವವರು ಕ್ಲೇಮು ತಿರಸ್ಕೃತವಾದರೆ ಯಾವ ಷರತ್ತಿನ ಮೇಲೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು, ವಿಮಾ ಓಂಬುಡ್ಸ್‌ಮನ್‌ವರೆಗೂ ಶುಲ್ಕವಿಲ್ಲದೆ ಹೋಗಬಹುದು. ದಾಖಲಾತಿಯಾಗಿದ್ದೂ ‘ಮಾನಸಿಕ’ ಎಂಬ ಕಾರಣಕ್ಕೆ ನಿರಾಕರಿಸಿದ್ದರೆ 21ನೇ ಕಲಂ ಒಳ್ಳೆಯ ಆಯುಧ. ಮಾತ್ರೆಯ ವಿಷಯಕ್ಕೆ ಮಾತ್ರ 18ನೆಯದನ್ನು ಹಿಡಿದು ತಾಲ್ಲೂಕು ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ ಬರೆಯುವುದು ಹೆಚ್ಚು ಸರಿ; ಸೇವೆಯ ಕೊರತೆಯ ಬಗ್ಗೆ ದೂರು ಕೊಡುವ ಹಕ್ಕು 28ನೇ ಕಲಮಿನಲ್ಲಿದೆ.

ಉಪಾಧ್ಯಾಯರ ಪಾಲಿನ ಕೆಲಸ ಸಣ್ಣದಾದರೂ ಅದಿಲ್ಲದೆ ರೋಗನಿರ್ಣಯವೇ ನಡೆಯದು. ಲಕ್ಷಣಗಳು ಎರಡು ಅಥವಾ ಹೆಚ್ಚು ಸನ್ನಿವೇಶಗಳಲ್ಲಿ ಕಂಡಿರಬೇಕು ಎಂಬುದು ನಿಯಮ. ಮನೆ ಒಂದು, ಶಾಲೆ ಇನ್ನೊಂದು. ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗರ ಮಕ್ಕಳಂತೆ ವಸತಿಶಾಲೆಯಲ್ಲಿ ಬೆಳೆಯುವವರಿಗೆ ಶಿಕ್ಷಕರೇ ಎರಡೂ ಕಡೆಯ ಸಾಕ್ಷಿ. ‘ತುಂಟ’, ‘ದಡ್ಡ’ ಎಂದು ಬರೆದರೆ ವೈದ್ಯರಿಗೆ ಉಪಯೋಗವಿಲ್ಲ. ಯಾವ ಅವಧಿಯಲ್ಲಿ, ಎಷ್ಟು ಹೊತ್ತು ಕುಳಿತ, ಯಾವ ಕೆಲಸ ಅರ್ಧಕ್ಕೆ ಬಿಟ್ಟ, ಎಷ್ಟು ತಿಂಗಳಿಂದ ಹೀಗೆ ಎಂದು ದಿನಾಂಕ ಹಾಕಿ ಬರೆಯಿರಿ. ಮಾತ್ರೆ ಆರಂಭವಾದ ಮೇಲೂ ಅದೇ ಅಂಶಗಳನ್ನು ಮತ್ತೆ ಗುರುತು ಹಾಕಿ, ಮಧ್ಯಾಹ್ನದ ಊಟ ತಿಂದನೇ ಎಂಬುದನ್ನೂ ಸೇರಿಸಿ. ಒಂದು ಪ್ರತಿ ಪೋಷಕರ ಕೈಯಲ್ಲಿ ವೈದ್ಯರಿಗೆ ಹೋಗಲಿ, ಒಂದು ಶಾಲೆಯಲ್ಲಿರಲಿ. ಪ್ರಮಾಣ ಹೆಚ್ಚಿಸಬೇಕೇ, ತಗ್ಗಿಸಬೇಕೇ, ನಿಲ್ಲಿಸಬೇಕೇ ಎಂದು ನೋಡುವಾಗ ಹೋಲಿಸಲು ಸಿಗುವುದು ಅದೇ ಹಾಳೆ.